ಕಾಕು ಮತ್ತು ನಾನು ಬರೆದ ಪತ್ರಗಳು

ಕಾಕುವಿನ ನಡುನೆತ್ತಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಇಪ್ಪತ್ತು ವರ್ಷ ಸಿಮೆಂಟಿನ ಬುಟ್ಟಿ ಹೊತ್ತು ಹೊತ್ತು ಅಲ್ಲಿನ ಚರ್ಮ ಗಟ್ಟಿಯಾಗಿ ಮಿರಮಿರ ಮಿಂಚುತ್ತಿತ್ತು. ಸೆರಗು ಜಾರಿದಾಗಲೆಲ್ಲ ಮಕ್ಕಳು ಬಂದು ಮುಟ್ಟಿ ನೋಡುತ್ತಿದ್ದವು. ಕಾಕು ಬೈಯುತ್ತಿರಲಿಲ್ಲ. "ಮುಟ್ಟ್ರಿ, ಮುಟ್ಟ್ರಿ. ಅರ್ಧಾ ಚಿಂಚವಾಡ ಇದರ ಮ್ಯಾಲಿಂದನ ಎದ್ದದ," ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಪುಣೆಗೆ ಬಂದೆ. ಪರದೇಶದವರ ನೆರವಿನಿಂದ ನಡೆಯುವ ಒಂದು ಸೇವಾಸಂಸ್ಥೆಯಲ್ಲಿ ಕೆಲಸ. ಪಿಂಪ್ರಿ-ಚಿಂಚವಾಡದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಗುಲಬರ್ಗಾ, ಯಾದಗಿರಿ ಕಡೆಯ ಮಂದಿ ದುಡಿಯುತ್ತಿದ್ದರು. ಅವರ ಮಕ್ಕಳಿಗಾಗಿ ಕಟ್ಟಡದ ಪಕ್ಕದಲ್ಲೇ ಬಾಲವಾಡಿ ನಡೆಸುತ್ತಿದ್ದೆವು. ನಾನು ಮೇಲ್ವಿಚಾರಕಿ. ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ಮಕ್ಕಳನ್ನು ನೋಡಿಕೊಳ್ಳುವವರು. ಯಾದಗಿರಿ ಕಡೆಯಿಂದಲೇ ಗಾರೆ ಕೆಲಸಕ್ಕೆ ಬಂದು, ಬೆನ್ನು ಸೋತ ಮೇಲೆ ಬಾಲವಾಡಿಗೆ ಸೇರಿದ್ದರು. ನನಗಾಗ ಇಪ್ಪತ್ಮೂರು. ಸಿಟ್ಟು ಮೂಗಿನ ತುದಿಯಲ್ಲಿ, ತಲೆ ತುಂಬ ಇಂಗ್ಲಿಷು. ಓದು ಬಾರದ ಹೆಂಗಸನ್ನು ಬಾಲವಾಡಿಗೆ ಯಾಕೆ ಇಟ್ಟಾರೋ ಎಂದು ಮೊದಲ ವಾರವೇ ಮೂಗು ಮುರಿದೆ.

ಒಂದು ತಿಂಗಳಲ್ಲಿ ನನ್ನ ಸೊಕ್ಕು ಇಳಿಯಿತು. ಹೊಸ ಮಗು ಬಂದರೆ ಕಾಕು ಮೊದಲು ಊರು ಕೇಳುತ್ತಿದ್ದರು, ಆಮೇಲೆ ಅವ್ವನ ಹೆಸರು, ಆಮೇಲೆ ಬೆಳಿಗ್ಗೆ ಏನು ತಿಂದಿ ಅಂತ. "ಹೊಟ್ಟಿ ಮೊದಲು, ಅ ಆ ಇ ಈ ಆಮ್ಯಾಲ" ಎನ್ನುವುದು ಅವರ ಮಾತು. ಒಮ್ಮೆ ಗುತ್ತಿಗೆದಾರ ಬಾಲವಾಡಿಗೆ ಕೋಣೆ ಕೊಡಲು ಹಿಂದೆಮುಂದೆ ನೋಡಿದ. ಕಾಕು ಹನ್ನೆರಡು ಮಕ್ಕಳನ್ನು ಕರೆದುಕೊಂಡು ನೆಟ್ಟಗೆ ಅವನ ಆಫೀಸಿಗೆ ನುಗ್ಗಿದರು. "ಸಾಹೇಬ, ಖೋಲಿ ದ್ಯಾ, ನಾಹೀತರ ಹೀ ಪೋರಂ ಇಥೇಚ ಝೋಪತೀಲ!" ಕೋಣೆ ಕೊಡು, ಇಲ್ಲದಿದ್ದರೆ ಈ ಮಕ್ಕಳು ಇಲ್ಲೇ ಮಲಗುತ್ತವೆ ಅಂತ. ಒಂದು ಮಗು ಅವನ ನಕಾಶೆಯ ಮೇಲೆ ಉಚ್ಚೆ ಹೊಯ್ದೂ ಬಿಟ್ಟಿತು. ಸಂಜೆಯೊಳಗೆ ಕೋಣೆ ಸಿಕ್ಕಿತು.

ನಮ್ಮ ಸಂಸ್ಥೆಯಲ್ಲಿ ಒಂದು ಪದ್ಧತಿ ಇತ್ತು. ಪರದೇಶದ ಒಬ್ಬೊಬ್ಬರು ಇಲ್ಲಿನ ಒಂದೊಂದು ಮಗುವಿನ ಖರ್ಚಿನ ಹೊಣೆ ಹೊರುತ್ತಿದ್ದರು. ಆ ಮಗುವಿನಿಂದ ವರ್ಷಕ್ಕೊಮ್ಮೆ ಅವರಿಗೆ ಒಂದು ಚಿತ್ರ, ಒಂದು ಪತ್ರ ಹೋಗಬೇಕು. ಆದರೆ ಕಟ್ಟಡ ಮುಗಿಯಿತೆಂದರೆ ಕೂಲಿಯವರು ಗಂಟು ಕಟ್ಟಿಕೊಂಡು ಇನ್ನೊಂದು ಕಡೆಗೆ ನಡೆದೇಬಿಡುತ್ತಿದ್ದರು. ಮಹಾದೇವಿ ಎಂಬ ಹುಡುಗಿ ಹಾಗೆಯೇ ಹೋದಳು. ಮಕ್ಕಳು ಹೀಗೆ ಕಡಿಮೆಯಾದರೆ ಅವರ ಹೆಸರಿನ ಹಣ ನಿಂತು ಬಾಲವಾಡಿ ಮುಚ್ಚುತ್ತದೆ, ಮುಚ್ಚಿದರೆ ನನ್ನ ಕೆಲಸಕ್ಕೂ ಸಂಚಕಾರ. ನಾನು ಜಾಣತನ ಮಾಡಿದೆ. ನಿಂಗಿ ಎಂಬ ಇನ್ನೊಂದು ಹುಡುಗಿಯ ಕೈಯಿಂದ ನವಿಲು ಬರೆಸಿದೆ. ಮಹಾದೇವಿ ಬರೆದಂತೆ ಪತ್ರವನ್ನು ನಾನೇ ಬರೆದೆ. ಎರಡು ವರ್ಷ ಹೀಗೇ ನಡೆಯಿತು. ಕಾಕುವಿಗೆ ಇದರ ಸುಳಿವೂ ಇರಲಿಲ್ಲ.

ಆಮೇಲೆ ಮಹಾದೇವಿಯ ಹೊಣೆ ಹೊತ್ತಿದ್ದ ಪರದೇಶದ ಹೆಂಗಸು ಅವಳನ್ನು ನೋಡಲು ತಾನೇ ಪುಣೆಗೆ ಬರುತ್ತೇನೆಂದು ತಿಳಿಸಿದಳು! ಅವಳು ಬರುವ ದಿನ ಬೆಳಿಗ್ಗೆ ಕಾಕುವಿಗೆ ಎಲ್ಲ ಹೇಳಿ, "ನಿಂಗಿಗೆ ಒಂದು ತಾಸು ಮಹಾದೇವಿ ಅಂತ ಹೇಳಿಕೊಳ್ಳಾಕ ಕಲಸ್ರಿ ಕಾಕು," ಎಂದೆ.

ಮಂದಿಯ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದ ಕಾಕು, ಇಬ್ಬರೇ ಇದ್ದಾಗ ತಂಗಿ ಎನ್ನುತ್ತಿದ್ದರು. ಅವತ್ತು ಎರಡೂ ಅನ್ನಲಿಲ್ಲ. "ಹುಚ್ಚಿ ಇದ್ದಿಯೇನು? ಅವರವ್ವ ಇಟ್ಟ ಹೆಸರು ಬಿಟ್ಟು ಕೂಸು ಬ್ಯಾರೆ ಹೆಸರು ಹೇಳಬೇಕಾ? ನಾವು ಕಲಸೋದು ಇದನ್ನ?"

"ಬಾಲವಾಡಿ ಮುಚ್ಚತದರಿ ಕಾಕು."

"ಮುಚ್ಚಲಿ. ಗಿಡದ ಬುಡಕ ಕುಂಡ್ರಸ್ತೀನಿ."

ಹನ್ನೊಂದಕ್ಕೆ ಆ ಹೆಂಗಸು ಬಂದಳು, ಜೊತೆಗೆ ನಮ್ಮ ಸಂಚಾಲಕರು. ಎಪ್ಪತ್ತರ ಹತ್ತಿರದ ಮುದುಕಿ. ಕೈಯಲ್ಲಿ ತಾನೇ ಹೊಲಿದ ನೀಲಿ ಫ್ರಾಕು, ಚೀಲದಲ್ಲಿ ನಾನು ಬರೆದ ಪತ್ರಗಳು, ನಿಂಗಿಯ ನವಿಲು. ಮಹಾದೇವಿ ಯಾರು ಎಂದು ಮಕ್ಕಳ ಮುಖ ಒಂದೊಂದಾಗಿ ನೋಡತೊಡಗಿದಳು. ಕಾಕು ಮುಂದೆ ಬಂದು ಕೈಮುಗಿದರು.

"ಮಹಾದೇವಿ ಇಲ್ಲರಿ. ಹೋಗಿ ಎರಡು ವರ್ಷ ಆತು. ಈ ಚಿತ್ರಾ ನಿಂಗಿ ತಗದದ್ದು. ಮೇಡಂಗ ಗೊತ್ತಿಲ್ಲರಿ, ಮಹಾದೇವಿ ತಗದದ್ದು ಅಂತ ಹೇಳಿ ನಾನ ಕೊಟ್ಟೆ, ಆಕಿ ಹೇಳ್ಯಾಳ ಅಂತ ಕಾಗದಾನೂ ನಾನ ಬರಸಿದೆ. ತಪ್ಪು ನಂದು." ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರಿ ಮೇಡಂ, ಇಂಗ್ಲಿಷಿನ್ಯಾಗ ಹೇಳ್ರಿ," ಎಂದರು.

ಅಲ್ಲಿದ್ದವರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬಲ್ಲವಳು ನಾನೊಬ್ಬಳೇ. ಸಂಚಾಲಕರು ಮರಾಠಿಯವರು. "ಇಲ್ಲ, ತಪ್ಪು ನನ್ನದು" ಎಂದು ಹೇಳಲು ನನ್ನನ್ನು ಯಾರೂ ತಡೆದಿರಲಿಲ್ಲ. ನಾನು ಕಾಕುವಿನ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ತಪ್ಪು ಇವರದು ಎಂಬುದನ್ನೂ ತಂದೆ.

ಮುದುಕಿ ನಿಂಗಿಯನ್ನು ಹತ್ತಿರ ಕರೆದು ಅವಳ ಹೆಸರು ಕೇಳಿದಳು. "ನಿಂಗವ್ವ" ಎಂದು ಹುಡುಗಿ ಗಟ್ಟಿಯಾಗಿ ಹೇಳಿತು. ಫ್ರಾಕು ಅವಳಿಗೇ ಸಿಕ್ಕಿತು. ಊರಿಗೆ ಹೋದ ಮೇಲೆ ಮುದುಕಿ ಸಂಸ್ಥೆಗೆ ಉದ್ದನೆಯ ಕಾಗದ ಬರೆದಳು: ಒಂದು ಮಗುವಿಗೆ ಬೇಡ, ಬಾಲವಾಡಿಗೇ ಕೊಡುತ್ತೇನೆ, ಕೂಲಿಯವರು ಎಲ್ಲಿಗೆ ಹೋಗುತ್ತಾರೋ ಬಾಲವಾಡಿಯೂ ಅಲ್ಲಿಗೆ ಹೋಗಲಿ. ಬರಬರುತ್ತ ನಮ್ಮ ಸಂಸ್ಥೆಯ ಪದ್ಧತಿಯೇ ಅದಾಯಿತು. ಲೋಣಾವಳಾದಲ್ಲಿ ಹೋಟೆಲು ಕಟ್ಟುವಾಗ ಅಲ್ಲಿಗೂ ಹೋದೆವು, ದೇಹೂ ರೋಡಿಗೂ ಹೋದೆವು.

ಕಾಕುವನ್ನು ಮಾತ್ರ ಆರು ತಿಂಗಳು ಬಾಲವಾಡಿಯಿಂದ ತೆಗೆದು ಆಫೀಸಿನ ಕಸ ಗುಡಿಸಲು ಹಾಕಿದರು. ನನಗೆ ಬಡ್ತಿ ಬಂತು. ಒಂದು ದಿನ ತಡೆಯಲಾರದೆ, "ಯಾಕ ಹಂಗ ಹೇಳಿದ್ರಿ ಕಾಕು?" ಎಂದು ಅತ್ತುಬಿಟ್ಟೆ. ಅವರು ಕಸಬರಿಗೆ ಕೆಳಗಿಟ್ಟರು. "ನೀ ಹೋದ್ರ ಈ ಇಂಗ್ಲಿಷ್ ಕಾಗದ ಯಾರು ಬರೀತಾರ? ನಾ ಕಸಾ ಹೊಡದ್ರ ನಂದೇನು ಗಂಟು ಹೋಗ್ತದ? ಆದ್ರ ತಂಗಿ, ಇನ್ನೊಮ್ಮಿ ಕೂಸಿನ ಬಾಯಾಗ ಸುಳ್ಳು ಇಡಾಕ ಹೋದ್ರ ಕಿವಿ ಹಿಂಡ್ತೀನಿ ನೋಡು." ಕಾಕು ಇಲ್ಲದೆ ಮಕ್ಕಳು ನಿಲ್ಲುವುದಿಲ್ಲವೆಂದು ಆಮೇಲೆ ಅವರನ್ನು ವಾಪಸು ಕರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ವರ್ಷಗಳೇ ಉರುಳಿದವು.

ಕಾಕು ತೀರಿಕೊಂಡಾಗ ಆಫೀಸಿನಲ್ಲಿ ಶ್ರದ್ಧಾಂಜಲಿ ಸಭೆ ಸೇರಿತು. ಸಂಚಾಲಕರು ಪ್ರೀತಿಯಿಂದಲೇ ಮಾತಾಡಿದರು. "ಒಮ್ಮೆ ತಪ್ಪು ಮಾಡಿದರು ನಿಜ, ಆದರೆ ಒಪ್ಪಿಕೊಂಡರು," ಎಂದರು. ಮುಂದಿನ ಸಾಲಿನಲ್ಲಿದ್ದ ಕಾಕುವಿನ ಮಗ ತಲೆ ತಗ್ಗಿಸಿದ. ನಾನು ಎದ್ದು ನಿಂತೆ. ಪತ್ರ ಬರೆದದ್ದು ನಾನು, ಚಿತ್ರ ಬರೆಸಿದ್ದು ನಾನು, ಕಾಕುವಿಗೆ ಆ ದಿನದವರೆಗೂ ಇದ್ಯಾವುದೂ ಗೊತ್ತಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ, ಅವನಿಗೆ ಪೂರ್ತಿ ತಿಳಿಯಲೆಂದು ಕನ್ನಡದಲ್ಲೂ ಹೇಳಿದೆ. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

"ಅವ್ವ ನಮಗೂ ಹೇಳಿರಲಿಲ್ಲರಿ," ಎಂದ.

ಅವರಿದ್ದಾಗಲೇ ಇದನ್ನು ಹೇಳಲು ನನಗೆ ಹನ್ನೊಂದು ವರ್ಷ ಸಮಯ ಇತ್ತು.