ಹನ್ನೆರಡು ಪೆಟ್ಟಿಗೆಗಳ ಏಜೆಂಟರು

ಏಜೆಂಟರ ಅಂಗಿಯ ಎರಡನೆಯ ಗುಂಡಿಗೆ ಒಂದು ಕೆಂಪು ದಾರ, ದಾರದ ತುದಿಗೆ ಬಟಾಣಿ ಗಾತ್ರದ ಒಂದು ಅಯಸ್ಕಾಂತ. ಅವರು ಕೊನೆಯ ಸಲ ಬಂದ ಶನಿವಾರವೂ ಅದು ಅಲ್ಲಿಯೇ ತೂಗುತ್ತಿತ್ತು. ದೇರೆಬೈಲಿನ ನನ್ನ ರಿಪೇರಿ ಕೋಣೆಗೆ ಬಂದವರು, ಮೇಜಿನ ಮೇಲೆ ನಾನು ಬಿಚ್ಚಿಟ್ಟಿದ್ದ ಸ್ಯಾಕ್ಸೋಫೋನನ್ನು ಕಂಡು ಅಯಸ್ಕಾಂತವನ್ನು ಅದರ ಮೈಮೇಲೆ ಆಡಿಸಿದರು. ಹಿತ್ತಾಳೆಯ ಮೇಲೆಲ್ಲ ಸುಮ್ಮನೆ ಜಾರಿದ ಅದು ಒಂದು ಸಣ್ಣ ಸ್ಪ್ರಿಂಗಿಗೆ ಟಕ್ಕನೆ ಅಂಟಿತು. "ಇಲ್ಲಿ ಕಬ್ಬಿಣ ಉಂಟು ನೋಡಿ," ಎಂದರು. ಹತ್ತಾರು ಸಲ ಮಾಡಿದ ಕೆಲಸವಾದರೂ ಆಗಲೇ ಕಂಡುಹಿಡಿದವರ ಹಾಗೆ ಅವರ ಮುಖ ಅರಳಿತು.

ಹೊರದೇಶದಿಂದ ಬರುತ್ತಿದ್ದ ಸರಕಿನ ಹೊಸ ಲಾಟಿನ ಕಾಗದಗಳಿಗೆ ನನ್ನ ಸಹಿ ತೆಗೆದುಕೊಂಡರು. ಹಾಲಿಲ್ಲದ ಕಣ್ಣ ಚಾ ಕುಡಿದರು. ದಾರಿಯಲ್ಲಿ ನಂತೂರಿನ ಬಳಿ ಲಾರಿಗಳು ಸಾಲುಗಟ್ಟಿ ನಿಂತಿವೆಯಂತೆ, ಊಟದ ಹೊತ್ತಿಗೆ ಮನೆ ಸೇರಬೇಕು ಎಂದು ಎದ್ದರು. ಸೋಮವಾರ ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ, ಎದೆನೋವು ಬಂದು ಅಪ್ಪ ಹೋದರು ಎಂದಳು. ನಮ್ಮ ಪೆಟ್ಟಿಗೆಗಳಿದ್ದ ಕಂಟೇನರ್ ಆಗ ಇನ್ನೂ ಸಮುದ್ರದಲ್ಲಿತ್ತು.

ಅವರನ್ನು ಎಲ್ಲರೂ ಏಜೆಂಟರು ಎಂದೇ ಕರೆಯುತ್ತಿದ್ದರು. ಬ್ಯಾರಿ ಮನೆತನದವರು. ಗಲ್ಫಿನ ಕಾರ್ಗೋ ಆಫೀಸೊಂದರಲ್ಲಿ ಬಹಳ ವರ್ಷ ದುಡಿದು, ಊರಿಗೆ ಮರಳಿ ಬಂದರಿನ ಹಳೆಯ ಗಲ್ಲಿಯಲ್ಲಿ ಮರದ ಮೆಟ್ಟಿಲ ಮೇಲೊಂದು ಆಫೀಸು ತೆರೆದಿದ್ದರು. ದೊಡ್ಡ ಏಜೆಂಟರು ಮುಟ್ಟದ ಸಣ್ಣ ಸಾಮಾನುಗಳನ್ನು ತರಿಸಿ, ಕಸ್ಟಮ್ಸಿನಿಂದ ಬಿಡಿಸಿಕೊಡುವುದೇ ಇವರ ಕೆಲಸ. ಸುರತ್ಕಲ್ಲಿನ ಒಬ್ಬ ಹೆಂಗಸಿನ ಕಸೂತಿ ಯಂತ್ರದ ಸೂಜಿಗಳು, ಒಬ್ಬರ ಕೇಕ್ ಅಚ್ಚುಗಳು, ಇನ್ನೊಬ್ಬರ ಮೀನಿನ ತೊಟ್ಟಿಯ ಪಂಪುಗಳು, ನನ್ನ ವಾದ್ಯಗಳ ಬಿಡಿಭಾಗಗಳು. ಹೀಗೆ ಹನ್ನೆರಡು ಮಂದಿಯ ಹನ್ನೆರಡು ಪೆಟ್ಟಿಗೆಗಳನ್ನು ವರ್ಷಕ್ಕೆ ಎರಡು ಸಲ ಒಂದೇ ಕಂಟೇನರಿನ ಮೂಲೆಯಲ್ಲಿ ಪಣಂಬೂರಿನ ಬಂದರಿಗೆ ತರಿಸುತ್ತಿದ್ದರು. ಒಬ್ಬೊಬ್ಬರೇ ತರಿಸಿದರೆ ಸಾಮಾನಿಗಿಂತ ಸಾಗಾಟವೇ ದುಬಾರಿ.

ನಾನು ಅವರ ಬಳಿ ಮೊದಲು ಹೋದದ್ದು ಹೆದರಿಕೊಂಡೇ. ಅಪ್ಪನ ಕಣ್ಣು ಮಂಜಾದ ಮೇಲೆ ಬ್ಯಾಂಡಿನವರ, ಮದುವೆಯಲ್ಲಿ ನುಡಿಸುವವರ ವಾದ್ಯಗಳ ರಿಪೇರಿ ನನ್ನ ಕೈಗೆ ಬಂದಿತ್ತು. ಬಿಡಿಭಾಗಗಳನ್ನು ಹೊರಗಿನ ವ್ಯಾಪಾರಿಯೊಬ್ಬ ಹೇಳಿದ ಬೆಲೆಗೆ ಕೊಳ್ಳಬೇಕಿತ್ತು. ನೇರವಾಗಿ ತರಿಸಬಹುದೇ ಎಂದು ಕೇಳಿದೆ. ಎಂತ ತರಿಸ್ಬೇಕು ಎಂದರು. ಸ್ಯಾಕ್ಸೋಫೋನ್ ಪ್ಯಾಡು ಎಂದೆ.

"ಅದು ಹೆಸರು, ಬಾಯಮ್ಮ. ಕಸ್ಟಮ್ಸ್ ಆಫೀಸರು ನಿಮ್ಮ ಪೀಪಿ ಊದಿದವರಲ್ಲ. ಹೆಸರು ಬಿಟ್ಟು ಹೇಳಿ. ಎಂತದರಿಂದ ಮಾಡಿದ್ದು, ಎಂತಕ್ಕೆ ಬೇಕು?"

ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಕರೆಯುವುದೇ ಬಾಯಮ್ಮ ಎಂದು. ತಡವರಿಸುತ್ತ ಹೇಳಿದೆ. ಹೊರಗೆ ತೆಳು ಚರ್ಮ, ಒಳಗೆ ಉಣ್ಣೆಯ ಬಿಲ್ಲೆ, ಹಿಂದೆ ರಟ್ಟು. ವಾದ್ಯದ ತೂತನ್ನು ಗಾಳಿ ಸೋರದಂತೆ ಮುಚ್ಚಲು. ಅದನ್ನೇ ಅವರು ಒಂದಕ್ಷರ ಬಿಡದೆ ಬರೆದುಕೊಂಡರು. ಇಪ್ಪತ್ತು ವರ್ಷದಿಂದ ಕೈಯಲ್ಲಿ ಹಿಡಿದ ವಸ್ತು ಯಾವುದರಿಂದ ಆದದ್ದೆಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಸುಂಕ ಬರುವುದು ಸಾಮಾನಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಾಟವೂ ವಿಮೆಯೂ ಸೇರಿದ ಮೊತ್ತದ ಮೇಲೆ, ಅದರ ಮೇಲೆ ತೆರಿಗೆ, ತಡವಾದರೆ ಗೋದಾಮಿನ ಬಾಡಿಗೆ ಎಂದು ತೋರಿಸಿಕೊಟ್ಟರು. ತಮ್ಮ ಫೀಸನ್ನು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣದಾಗಿ ಬರೆಯುತ್ತಿದ್ದರು. ಕಾಣುವುದೇ ಇಲ್ಲವಲ್ಲ ಎಂದು ನಾನು ಕೇಳಿದರೆ, ಕಂಡರೆ ನೀವು ಚೌಕಾಸಿ ಮಾಡ್ತೀರಿ ಎನ್ನುತ್ತಿದ್ದರು.

ಮೂರನೆಯ ಲಾಟಿನಲ್ಲಿ ನಾನು ಕೆಟ್ಟೆ. ಮದುವೆಯ ಕಾಲ ಹತ್ತಿರವಿತ್ತು, ದೊಡ್ಡ ಬ್ಯಾಂಡೊಂದರ ವಾದ್ಯಗಳೆಲ್ಲ ನನ್ನ ಕೋಣೆಯಲ್ಲಿ ಬಿಚ್ಚಿಕೊಂಡು ಬಿದ್ದಿದ್ದವು. ಎಂದಿಗಿಂತ ಹೆಚ್ಚು ಸಾಮಾನು ಬೇಕಾಗಿತ್ತು, ಸುಂಕವೂ ಹೆಚ್ಚು. ಎಲ್ಲರೂ ಮಾಡುವುದೇ ಎಂದು ಯಾರೋ ಹೇಳಿದ್ದನ್ನು ಕೇಳಿ, ಏಜೆಂಟರಿಗೆ ತಿಳಿಸದೆ, ಬಿಲ್ಲಿನಲ್ಲಿ ಅರ್ಧ ಬೆಲೆ ಕಾಣಿಸು ಎಂದು ಹೊರದೇಶದ ಮಾರಾಟಗಾರನಿಗೆ ಬರೆದೆ. ಅವನು ಹಾಗೆಯೇ ಮಾಡಿದ. ಆದರೆ ತನ್ನ ಲೆಕ್ಕಕ್ಕೆಂದು ಮಾಡಿದ ನಿಜವಾದ ಬಿಲ್ಲನ್ನು ಕಣ್ತಪ್ಪಿ ಪೆಟ್ಟಿಗೆಯ ಒಳಗೇ ಮಡಚಿ ಇಟ್ಟುಬಿಟ್ಟ.

ಏಜೆಂಟರ ಲಾಟು ಬಂದರೆ ಕಸ್ಟಮ್ಸಿನವರು ಅವರ ಹೆಸರನ್ನು ನಂಬಿ ಸಾಮಾನ್ಯವಾಗಿ ಒಂದೇ ಪೆಟ್ಟಿಗೆ ತೆರೆಸಿ ನೋಡುತ್ತಿದ್ದರು. ಆ ಸಲ ತೆರೆಸಿದ್ದು ನನ್ನದನ್ನು. ಎರಡು ಬಿಲ್ಲುಗಳು ಒಟ್ಟಿಗೆ ಸಿಕ್ಕಿದ್ದೇ ತಡ, ಹನ್ನೆರಡೂ ಪೆಟ್ಟಿಗೆಗಳನ್ನು ತಡೆದರು. ಏಜೆಂಟರು ನನ್ನನ್ನು ಪಣಂಬೂರಿನ ಗೋದಾಮಿಗೆ ಬರಹೇಳಿದರು. ಆಫೀಸರು ಒಳ್ಳೆಯ ಮನುಷ್ಯ. ಮಾರಾಟಗಾರನೇ ತಪ್ಪು ಬರೆದಿರಬಹುದಲ್ಲ ಎಂದು ನನಗೊಂದು ದಾರಿಯನ್ನೂ ಬಿಟ್ಟುಕೊಟ್ಟರು. ಹೌದು ಎಂದಿದ್ದರೆ ಮುಗಿಯುತ್ತಿತ್ತೇನೋ. ಏಜೆಂಟರು ನನಗೆ ಕುರ್ಚಿ ಎಳೆದುಕೊಟ್ಟು, ದನಿ ಏರಿಸದೆ ಕೇಳಿದರು.

"ಅವ ತಾನೇ ಬರೆದದ್ದಾ, ನೀವು ಹೇಳಿ ಬರೆಸಿದ್ದಾ?"

ಅವರ ಮುಖ ನೋಡಿದೆ. ಅಲ್ಲಿ ಯಾವ ಸೂಚನೆಯೂ ಇರಲಿಲ್ಲ. ನಾನೇ ಹೇಳಿದ್ದು ಎಂದೆ.

ಏಜೆಂಟರು ಬಿಳಿ ಹಾಳೆ ಕೊಟ್ಟು, ಅದನ್ನೇ ಕನ್ನಡದಲ್ಲಿ ಬರೆಯಿಸಿ ಸಹಿ ಹಾಕಿಸಿದರು. ಬಾಕಿ ಸುಂಕ, ಮೇಲೆ ದಂಡ, ಎಲ್ಲ ನನ್ನ ಪಾಲಿಗೆ ಬಂತು. ಅದಕ್ಕಿಂತ ಕಷ್ಟದ್ದು ಮುಂದೆ ಇತ್ತು. ಉಳಿದ ಹನ್ನೊಂದು ಜನರ ಫೋನ್ ನಂಬರುಗಳ ಚೀಟಿಯನ್ನು ನನ್ನ ಮುಂದಿಟ್ಟು, ಅವರ ಸಾಮಾನು ಯಾಕೆ ತಡ ಅಂತ ನೀವೇ ಹೇಳಿ ಎಂದರು. ಗೋದಾಮಿನ ಹೊರಗಿನ ಮರದಡಿ ನಿಂತು ಒಬ್ಬೊಬ್ಬರಿಗೂ ಹೇಳಿದೆ. ಕೆಲವರು ಬೈದರು, ಕೆಲವರು ಎಷ್ಟು ದಿನ ತಡ ಎಂದು ಕೇಳಿದರು. ಸುರತ್ಕಲ್ಲಿನ ಸೂಜಿಯವರು ಮಾತ್ರ, "ಎಂತ ಮಾರಾಯ್ತಿ, ನಿಮ್ಮ ಪೀಪಿಗೋಸ್ಕರ ನನ್ನ ಸೂಜಿ ಜೈಲಿಗೆ ಹೋಗ್ಬೇಕಾ?" ಎಂದು ಕೇಳಿ ಫೋನಿಟ್ಟರು. ಏಜೆಂಟರು ಅಷ್ಟು ಹೊತ್ತೂ ನನ್ನ ಪಕ್ಕದಲ್ಲೇ ನಿಂತಿದ್ದರು. ಒಂದು ಫೋನನ್ನೂ ಅವರು ಮಾಡಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ.

ಪೆಟ್ಟಿಗೆಗಳು ಬಿಡುಗಡೆಯಾಗಲು ಎಂಟು ದಿನ ಹಿಡಿಯಿತು. ಬ್ಯಾಂಡಿನವರ ವಾದ್ಯಗಳನ್ನು ಮದುವೆಯ ಹಿಂದಿನ ದಿನ ಕೊಟ್ಟೆ. ಇನ್ನು ನನ್ನನ್ನು ಲಾಟಿಗೆ ಸೇರಿಸುವುದಿಲ್ಲ ಎಂದುಕೊಂಡು ಸುಮ್ಮನಿದ್ದೆ. ಆರು ತಿಂಗಳ ಮೇಲೆ ಅವರೇ ಬಂದರು. ಈ ಸಲ ಎಂತೆಲ್ಲ ಬೇಕು ಬಾಯಮ್ಮ ಎಂದರು. ನನ್ನಿಂದ ನಿಮ್ಮ ಹೆಸರು ಕೆಟ್ಟಿತಲ್ಲ, ಮತ್ತೆ ಯಾಕೆ ಕರೆಯುತ್ತೀರಿ ಎಂದು ಕೇಳಿದೆ.

"ನಿಮಗೆ ಕಾಗದ ಎಂತದು ಅಂತ ಈಗ ಗೊತ್ತುಂಟು. ಹೊಸಬರಾದ್ರೆ ನಾನು ಮೊದಲಿಂದ ಕಲಿಸ್ಬೇಕು, ಮಾರಾಯ್ತಿ. ಅಷ್ಟು ಪುರುಸೊತ್ತು ಯಾರಿಗುಂಟು?"

ಆ ಲಾಟಿನಲ್ಲಿ ಕಸ್ಟಮ್ಸಿನವರು ಹನ್ನೆರಡೂ ಪೆಟ್ಟಿಗೆ ತೆರೆಸಿದರು. ಅದರ ಮುಂದಿನದರಲ್ಲಿ ಐದು. ಮತ್ತೆ ಒಂದೇ ಪೆಟ್ಟಿಗೆಗೆ ಇಳಿಯಲು ಎರಡು ವರ್ಷ ಬೇಕಾಯಿತು. ಆ ಎರಡು ವರ್ಷವೂ ಅವರು ಪ್ರತಿ ಪೆಟ್ಟಿಗೆಯ ಬಳಿ ನಿಂತು, ತೆರೆದದ್ದನ್ನು ಒಂದೊಂದಾಗಿ ತೋರಿಸಿ, ಮತ್ತೆ ಅಂಟಿಸಿ ಕಳಿಸಿದರು. ಒಮ್ಮೆಯೂ ನನಗೆ ಅದನ್ನು ಎತ್ತಿ ಆಡಲಿಲ್ಲ.

ಅವರು ಹೋದ ದಿನ ಅವರ ಮನೆಗೆ ಹೋದೆ. ಒಳಗೆ ಹೆಂಗಸರು ಕುಳಿತಿದ್ದರು. ಯಾರಿಗೂ ನನ್ನ ಮುಖಪರಿಚಯ ಇರಲಿಲ್ಲ. ನಾನು ಬಾಗಿಲ ಬಳಿಯೇ ಕುಳಿತೆ. ಅವರ ಹೆಂಡತಿ ನನ್ನನ್ನು ನೋಡಿ, "ಹನ್ನೊಂದು ಜನಕ್ಕೆ ಫೋನ್ ಮಾಡಿದ ಬಾಯಮ್ಮ ನೀವೇನಾ?" ಎಂದು ಕೇಳಿದರು. ಹೌದು ಎಂದೆ. ಅವರು ಜರುಗಿ ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ಅಲ್ಲಿ ಕುಳಿತ ಮೇಲೆ ನನಗೆ ಅಳು ಬಂತು.

ಕಂಟೇನರ್ ಬರಲು ಹದಿನೈದು ದಿನ ಉಳಿದಿತ್ತು. ಅವರ ಬದಲಿಗೆ ಕಾಗದಗಳಿಗೆ ಸಹಿ ಹಾಕಲು ಬೇರೊಬ್ಬ ಏಜೆಂಟರು ಒಪ್ಪಿದರು. ಆದರೆ ಹನ್ನೆರಡು ಸಣ್ಣ ಗಿರಾಕಿಗಳ ಕಾಗದ ತಯಾರಿಸುವಷ್ಟು ಸಮಯ ತಮಗಿಲ್ಲ, ತಂದುಕೊಟ್ಟರೆ ಸಲ್ಲಿಸುತ್ತೇನೆ ಎಂದರು. ನಾನು ತಯಾರಿಸುತ್ತೇನೆ ಎಂದೆ. ಹೇಳಿಬಿಟ್ಟ ಮೇಲೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಒಬ್ಬೊಬ್ಬರನ್ನೂ ನನ್ನ ಕೋಣೆಗೆ ಕರೆಸಿ, ಎದುರು ಕೂರಿಸಿ ಕೇಳಿದೆ. ಕೇಕ್ ಅಚ್ಚಿನವರಿಗೆ ತಮ್ಮ ಅಚ್ಚು ಅಲ್ಯೂಮಿನಿಯಮ್ಮೋ ಉಕ್ಕೋ ಎನ್ನುವುದೇ ಗೊತ್ತಿರಲಿಲ್ಲ. ಮನೆಗೆ ಹೋಗಿ ಹಳೆಯ ಅಚ್ಚನ್ನು ನೋಡಿ ಬನ್ನಿ ಎಂದು ವಾಪಸ್ ಕಳಿಸಿದೆ. ಸುರತ್ಕಲ್ಲಿನ ಸೂಜಿಯವರು ಬಂದು, ನೀವು ನಮ್ಮ ಏಜೆಂಟರಿಗಿಂತ ಜೋರು ಎಂದರು. ನಿಜವಾದ ಬಿಲ್ಲು, ಸಾಗಾಟ, ವಿಮೆ, ಸುಂಕ ಎಲ್ಲ ಕೂಡಿಸಿ ಯಾರ ಪಾಲು ಎಷ್ಟು ಎಂದು ಮೊದಲೇ ತಿಳಿಸಿದೆ. ಕೊನೆಗೆ ಕಟ್ಟಿದ ಮೊತ್ತ ನಾನು ಹೇಳಿದ್ದೇ ಆಗಿತ್ತು.

ಪಣಂಬೂರಿಗೆ ನಾನೇ ಹೋದೆ. ಆಫೀಸರು ಹೊಸಬರು. ಹನ್ನೆರಡು ಕಾಗದಗಳನ್ನೂ ಓದಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಹನ್ನೆರಡೂ ಪೆಟ್ಟಿಗೆಗಳನ್ನು ತೆರೆಯಲು ಹೇಳಿದರು. ನಾನು ಪ್ರತಿಯೊಂದರ ಬಳಿಯೂ ನಿಂತು ತೋರಿಸಿದೆ. ಒಳಗಿದ್ದದ್ದಕ್ಕೂ ಬರೆದದ್ದಕ್ಕೂ ಎಲ್ಲಿಯೂ ವ್ಯತ್ಯಾಸ ಬರಲಿಲ್ಲ. ಸಂಜೆಯೊಳಗೆ ಎಲ್ಲ ಬಿಡುಗಡೆಯಾಯಿತು.

ಅದಾದ ಮೇಲೆ ಇನ್ನೂ ಎರಡು ಲಾಟು ತರಿಸಿದ್ದೇವೆ. ಎರಡರಲ್ಲಿಯೂ ಹನ್ನೆರಡೂ ಪೆಟ್ಟಿಗೆ ತೆರೆಸಿದರು, ಎರಡರಲ್ಲಿಯೂ ತಪ್ಪು ಸಿಕ್ಕಲಿಲ್ಲ. ಕಾಗದ ಮಾಡುವುದು ನನಗೆ ಬರುತ್ತದೆ. ಆದರೆ ಓದಿದವರು ನಂಬಿ ಒಂದನ್ನೇ ತೆರೆಸಿ, ಉಳಿದ ಹನ್ನೊಂದು ಪೆಟ್ಟಿಗೆಗಳನ್ನು ಮುಚ್ಚಿದ ಹಾಗೆಯೇ ಬಿಡುವಂಥ ಹೆಸರು ನಮ್ಮ ಕಾಗದದ ಮೇಲೆ ಇನ್ನೂ ಇಲ್ಲ.