ಆ ಮೂರು ಕೆಮ್ಮು

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಅಂದು ಗುರುವಾರ. ಆ ಗುರುವಾರದಿಂದ ಭಾನುವಾರದವರೆಗೆ ಯಾವ ಹೊತ್ತಿಗೆ ಏನಾಯಿತು ಎಂಬುದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ತಪ್ಪು ನನ್ನದಾಗಿತ್ತು. ನಾಳೆ ಯಾರಾದರೂ ಕೇಳಿದರೆ ಏನನ್ನೂ ಬಿಡದೆ ಹೇಳಬೇಕೆಂದು ಬರೆದಿದ್ದೆ. ಇಲ್ಲಿ ಹೇಳುತ್ತಿರುವುದು ಅದನ್ನು ನೋಡಿಕೊಂಡೇ.

ನನ್ನ ಊರು ಕೊಟ್ಟೂರು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದ ಮೇಲೆ ಒಂದು ಸಂಶೋಧನಾ ತಂಡದಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ತಂದವರಲ್ಲಿ ನಾನೇ ಮೊದಲು. ಕೆಲಸ ಏನೆಂದರೆ ಹಳ್ಳಿಗಳಿಗೆ ಹೋಗಿ ಜನರ ಕೆಮ್ಮನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಕ್ಷಯ ಇದ್ದವರ ಕೆಮ್ಮು, ಇಲ್ಲದವರ ಕೆಮ್ಮು ಎರಡನ್ನೂ ಮತ್ತೆ ಮತ್ತೆ ಕೇಳಿಸಿ ಒಂದು ಕಂಪ್ಯೂಟರಿಗೆ ವ್ಯತ್ಯಾಸ ಕಲಿಸಿದ್ದಾರೆ. ನಮ್ಮ ಕಿವಿಗೆ ಸಿಕ್ಕದ ಸೂಕ್ಷ್ಮ ಅದಕ್ಕೆ ಸಿಗುತ್ತದಂತೆ. ಮನುಷ್ಯ ಫೋನಿನ ಮುಂದೆ ಮೂರು ಸಲ ಕೆಮ್ಮಬೇಕು. ಮೂರು ಎಣಿಸಿದ ಮೇಲೆ ಫೋನು ತಾನೇ ನಿಲ್ಲುತ್ತದೆ. ಹಸಿರು ಬಂದರೆ ಸರಿ. ಕೆಂಪು ಬಂದರೆ ಕಫ ಪರೀಕ್ಷೆ, ಎಕ್ಸ್‌ರೇ. ಕೆಂಪು ಎಂದರೆ ರೋಗವೇ ಎಂದಲ್ಲ, ನೋಡಬೇಕು ಎಂದಷ್ಟೇ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಆದರೆ ಎದುರಿಗೆ ಕೂತವರಿಗೆ ಕೆಂಪು ಕೆಂಪೇ.

ಉಜ್ಜಿನಿ ರಸ್ತೆಯ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೆಮ್ಮಿನಕ್ಕ ಎನ್ನುತ್ತಿದ್ದರು. ನಾನು ಓಣಿಗೆ ಕಾಲಿಟ್ಟರೆ ಮಕ್ಕಳೆಲ್ಲ ಬೇಕೆಂದೇ ಕೆಮ್ಮುತ್ತಾ ಹಿಂದೆ ಬರುತ್ತಿದ್ದವು.

ಆ ಗುರುವಾರ ಹನ್ನೊಂದು ಗಂಟೆಗೆ ನಾನು ಹನುಮವ್ವನ ಮನೆಗೆ ಹೋದೆ. ಐವತ್ತೈದರ ಆಸುಪಾಸಿನ ಹೆಂಗಸು. ಗಂಡ ಗಾದಿಲಿಂಗಪ್ಪ ಕುರಿ ಕಾಯುವವನು. ಮನೆಯ ಹಿಂದೆ ಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪ. ಹನುಮವ್ವನಿಗೆ ಎರಡು ವಾರದಿಂದ ಕೆಮ್ಮು ಇದೆ ಎಂದು ಪಕ್ಕದ ಮನೆಯವರು ಹೇಳಿದ್ದರಿಂದ ನಾನು ಹೋಗಿದ್ದು. ಆದರೆ ಆಕೆಗೆ ಕೆಮ್ಮಿನ ಕಡೆ ಲಕ್ಷ್ಯವೇ ಇರಲಿಲ್ಲ. ಮಗಳು ರೇಣುಕಾಗೆ ಮದುವೆಯಾಗಿ ಎಂಟು ವರ್ಷದ ಮೇಲೆ ಹೆಣ್ಣು ಮಗು ಆಗಿತ್ತು. ಕೂಡ್ಲಿಗಿ ಆಸ್ಪತ್ರೆಯಿಂದ ಭಾನುವಾರ ತಾಯಿ ಮಗು ಇಲ್ಲಿಗೆ ಬರುವವರಿದ್ದರು. ಅಂಗಳದಲ್ಲಿ ಹೊಸ ಬಚ್ಚಲುಗಲ್ಲು ಹಾಕಿಸಿದ್ದಳು. ಬಾಣಂತಿಯ ಸ್ನಾನದ ನೀರಿಗೆ ಹಾಕಲು ಒಣಗಿದ ಲಕ್ಕಿ ಸೊಪ್ಪು ಗಂಟು ಕಟ್ಟಿ ತೂಗಿತ್ತು.

ಆ ಓಣಿಯ ಕೂಸುಗಳಿಗೆಲ್ಲ ಎರೆದವಳು ಹನುಮವ್ವ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವುದು ಎಲ್ಲರಿಗೂ ಬರುವ ಕೆಲಸವಲ್ಲ. ಮಂದಿ ಮಕ್ಕಳಿಗೆ ಎರೆದು ಎರೆದು ತನ್ನ ಕೈ ಸವೆಯಿತು, ತನ್ನ ಮೊಮ್ಮಗುವಿಗೆ ಎರೆಯುವ ಯೋಗ ಈಗ ಬಂತು ಎಂದು ನನಗೆ ಎರಡು ಸಲ ಹೇಳಿದಳು.

ಮುಂದಿನ ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರದ ಸದ್ದು. ಹಾಗಾಗಿ ನಾನೇ ಅವಳನ್ನು ಹಿತ್ತಿಲಿಗೆ, ರೊಪ್ಪದ ಬೇಲಿಯ ಪಕ್ಕಕ್ಕೆ ಕರೆದೆ. ಫೋನು ಹಿಡಿದು ಕೆಮ್ಮಲು ಹೇಳಿದೆ. ಗಂಡ ಅಲ್ಲೇ ಕಲ್ಲಿನ ಮೇಲೆ ಕೂತು ಉಣ್ಣೆ ನೂಲು ತೆಗೆಯುತ್ತಿದ್ದ. ಅವನೆದುರು ಬಾಯಿ ತೆರೆದು ಕೆಮ್ಮುವುದಕ್ಕೆ ಹನುಮವ್ವನಿಗೆ ನಾಚಿಕೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮುಖ ಆ ಕಡೆ ತಿರುಗಿಸಿದಳು. ನಾನು ಫೋನಿನ ಪರದೆಯನ್ನೇ ನೋಡುತ್ತಿದ್ದೆ. ಒಂದು ಎಂದು ತೋರಿಸಿತು. ಸ್ವಲ್ಪ ಹೊತ್ತಿಗೆ ಎರಡು, ಮೂರು. ನಿಂತಿತು. ಕೆಂಪು ಬಂತು.

ನನ್ನ ತಪ್ಪು ಅಲ್ಲೇ ಇತ್ತು. ನಾನು ಪರದೆ ನೋಡಿದೆ, ಅವಳ ಮುಖ ನೋಡಲಿಲ್ಲ.

ಕಫ ತೆಗೆದುಕೊಂಡೆ. ಶುಕ್ರವಾರ ಪ್ರಯೋಗಾಲಯದವರು ಅದು ಬರೀ ಉಗುಳು, ಪರೀಕ್ಷೆಗೆ ಬರುವುದಿಲ್ಲ ಎಂದು ತಿರಸ್ಕರಿಸಿದರು. ನಮ್ಮ ಎಕ್ಸ್‌ರೇ ವಾಹನ ಸೋಮವಾರ ಬರುವುದಿತ್ತು. ಖಚಿತವಾಗುವ ತನಕ ಹಸುಗೂಸನ್ನು ಅವಳ ಹತ್ತಿರ ಬಿಡಬೇಡಿ ಎಂದು ನಾನು ಹೇಳಲೇಬೇಕಿತ್ತು, ಹೇಳಿದೆ. ಸುದ್ದಿ ಶುಕ್ರವಾರ ಸಂಜೆಯೊಳಗೆ ತೆಲಿಗಿಯಲ್ಲಿದ್ದ ಬೀಗರಿಗೆ ಮುಟ್ಟಿತು. ಅವರು ಜಗಳವಾಡಲಿಲ್ಲ. ಹಾಗಾದರೆ ಬಾಣಂತನ ನಮ್ಮಲ್ಲೇ ಆಗಲಿ, ಭಾನುವಾರ ಮಧ್ಯಾಹ್ನ ಕೂಡ್ಲಿಗಿಯಿಂದ ನೇರ ತೆಲಿಗಿಗೆ ಕರೆದುಕೊಂಡು ಹೋಗುತ್ತೇವೆ, ಗಾಡಿಗೆ ಹೇಳಿದ್ದೇವೆ ಎಂದು ತಿಳಿಸಿದರು. ಮೊದಲ ಬಾಣಂತನ ತವರಿನಲ್ಲಿ ಆಗದೆ ಹೋದರೆ ಊರು ಎಷ್ಟು ಮಾತಾಡುತ್ತದೆ ಎಂದು ನನಗೂ ಗೊತ್ತು. ಆದರೆ ಹನುಮವ್ವ ಅತ್ತದ್ದು ಊರಿನ ಮಾತಿಗಲ್ಲ, ಕೂಸಿಗೆ ಎರೆಯುವುದು ತಪ್ಪಿತೆಂದು.

ಶನಿವಾರ ಬೆಳಿಗ್ಗೆ ಮತ್ತೆ ಕಫ ಕೇಳಲು ಹೋದಾಗ ಅವಳು ಬಚ್ಚಲುಗಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದಳು. ಅದನ್ನು ನಾನು ಹೇಳಿರಲಿಲ್ಲ, ಅವಳೇ ಮಾಡಿಕೊಂಡದ್ದು. ನನ್ನ ಮೇಲೆ ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಚಹಾ ಕುಡಿಯುತ್ತೀಯಾ ಎಂದು ಕೇಳಿ, ಪಕ್ಕದ ಮನೆಯವರಿಂದ ಮಾಡಿಸಿ ಕೊಡಿಸಿದಳು. ಆಮೇಲೆ ಹೇಳಿದಳು:

"ಯವ್ವಾ, ಆ ಫೋನಿಗೆ ನನ್ನ ಕೆಮ್ಮಿನಾಗ ಅಂಥಾದ್ದು ಏನು ಕೇಳಿಸ್ತು? ನಂಗೂ ಒಂದೀಟು ಕೇಳಿಸು."

ಹಾಗೆ ಕೇಳಿಸಬೇಕೆಂದು ನಿಯಮವಿಲ್ಲ, ಕೇಳಿಸಬಾರದು ಎಂದೂ ಇಲ್ಲ. ಧ್ವನಿ ಪೂರ್ತಿ ಏರಿಸಿ ಹಾಕಿದೆ. ಮೊದಲು ಬಟ್ಟೆಯೊಳಗಿನಿಂದ ಬಂದಂತೆ ಒಂದು ಸಣ್ಣ ಕೆಮ್ಮು. ತುಸು ಬಿಟ್ಟು ಎರಡು ಗಟ್ಟಿ ಕೆಮ್ಮು, ಒಣಗಿದ್ದು, ಎದೆಯ ಆಳದಿಂದ ಬಂದದ್ದು. ಹನುಮವ್ವ ಅದನ್ನು ಕೇಳಿ ಕಣ್ಣು ಮುಚ್ಚಿದಳು.

ಗಾದಿಲಿಂಗಪ್ಪ ಎದುರು ಗೋಡೆಗೆ ಒರಗಿ ನೂಲು ತೆಗೆಯುತ್ತಿದ್ದ. ಈಗ ಅವನ ಕೈ ನಿಂತಿತು.

"ಇನ್ನೊಮ್ಮೆ ಹಚ್ಚು," ಎಂದ.

ಹಚ್ಚಿದೆ. ತಲೆ ಓರೆ ಮಾಡಿ ಕೇಳಿದ.

"ಮೊದಲನೇದು ಈಕಿದು. ಆಮೇಲಿನವು ಎರಡು ಕೆಂಚಿವು."

ಕೆಂಚಿ ಯಾರು ಎಂದು ಕೇಳಿದೆ. ಅವನು ನೂಲಿನ ಕದಿರಿನಿಂದ ರೊಪ್ಪದ ಕಡೆ ತೋರಿಸಿದ. ಕೆಂಚಿ ಒಂದು ಕುರಿ.

ನನಗೆ ನಗು ಬರಲಿಲ್ಲ. ಹನುಮವ್ವನನ್ನು ಕೇಳಿದೆ, ಅವತ್ತು ನೀವು ಎಷ್ಟು ಸಲ ಕೆಮ್ಮಿದಿರಿ ಎಂದು. ಒಂದೇ ಸಲ, ಅಷ್ಟರೊಳಗೆ ನೀನೇ ಸಾಕು ಎಂದು ಫೋನು ಇಳಿಸಿದೆಯಲ್ಲ ಎಂದಳು. ನಾನು ಆ ಪ್ರಶ್ನೆಯನ್ನು ಗುರುವಾರವೇ ಕೇಳಬೇಕಿತ್ತು.

ಆದರೂ ನಾನು ಅವಸರ ಮಾಡಲಿಲ್ಲ. ಹೆಂಡತಿಯ ಮೇಲಿನ ಮಮತೆಯಿಂದ ಗಂಡ ಹಾಗೆ ಹೇಳಿರಬಹುದು. ನಾನು ರೊಪ್ಪಕ್ಕೆ ಹೋಗಿ ನನ್ನ ಕಿವಿಯಿಂದಲೇ ಕೇಳಬೇಕು ಎಂದೆ. ಮೂವರೂ ಹೋದೆವು. ಕೆಂಚಿ ಎಂಬುದು ಕಂದು ಮುಖದ, ಸ್ವಲ್ಪ ಬಡಕಲಾದ ಹೆಣ್ಣು ಕುರಿ. ಕಾಲು ಗಂಟೆ ನಿಂತರೂ ಅದು ಕೆಮ್ಮಲಿಲ್ಲ. ನಮ್ಮನ್ನು ನೋಡಿಕೊಂಡು ಮೆಲುಕು ಹಾಕುತ್ತಿತ್ತು.

"ಬ್ಯಾಡ ಅಂದಾಗ ದಿನಾ ಕೆಮ್ಮತೈತಿ. ಇವತ್ತು ದೊಡ್ಡ ಮನಶ್ಯಾ ಆಗೇತಿ ನೋಡು," ಎಂದಳು ಹನುಮವ್ವ. ಎರಡು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು.

ಎದೆ ಕಟ್ಟಿದ ಕುರಿ ನಿಂತಾಗ ಕೆಮ್ಮುವುದು ಕಡಿಮೆ, ಓಡಿಸಿದರೆ ಕೆಮ್ಮೇ ಕೆಮ್ಮುತ್ತದೆ ಎಂದ ಗಾದಿಲಿಂಗಪ್ಪ. ನಾಲಿಗೆಯಿಂದ ಒಂದು ಸದ್ದು ಮಾಡಿದ. ಹಿಂಡು ಎದ್ದು ಬೇಲಿಯ ಸುತ್ತ ಒಂದು ಸುತ್ತು ಓಡಿತು. ಕೆಂಚಿ ನಿಂತು, ಕತ್ತು ಮುಂದೆ ಚಾಚಿ, ಎರಡು ಸಲ ಕೆಮ್ಮಿತು.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಣ್ಣು ಮುಚ್ಚಿದ್ದರೆ ಯಾರೋ ವಯಸ್ಸಾದ ಹೆಂಗಸು ಎನ್ನುತ್ತಿದ್ದೆ. ಫೋನಿನಲ್ಲಿದ್ದ ಎರಡು ಗಟ್ಟಿ ಕೆಮ್ಮು ಅದೇ. ಇನ್ನೊಂದು ಸುತ್ತು ಓಡಿಸಿ, ಕುರಿಯ ಮುಂದೆ ಫೋನು ಹಿಡಿದೆ. ಮೂರು ಎಣಿಸಿತು. ಕೆಂಪು.

ಹನುಮವ್ವ ಬೇಲಿಯ ಗೂಟ ಹಿಡಿದುಕೊಂಡು ನಿಂತಲ್ಲೇ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಮೊದಲು ತಿಳಿಯಲಿಲ್ಲ. "ಎಪ್ಪಾ, ಹಿಂಡಿನಾಗ ನನ್ನನ್ನೂ ಒಂದು ಅಂತ ಲೆಕ್ಕ ಹಿಡದಾನ ಈತ," ಎಂದಳು. ಗಂಡ ತಲೆ ಎತ್ತದೆಯೇ, "ಹಿಂಡಿನಾಗಿನವು ಹೇಳಿದ ಮಾತು ಕೇಳ್ತಾವ," ಎಂದ.

ಹತ್ತಿರದ ಶಾಲೆಯ ಖಾಲಿ ಕೋಣೆಗೆ ಅವಳನ್ನು ಕರೆದುಕೊಂಡು ಹೋಗಿ, ಸೆರಗು ತೆಗೆಸಿ, ಅವಳ ಮುಖವನ್ನೇ ನೋಡುತ್ತಾ ಮೂರು ಸಲ ಕೆಮ್ಮಿಸಿದೆ. ಹಸಿರು ಬಂತು. ಆದರೆ ಒಮ್ಮೆ ಮೋಸಹೋದ ಮೇಲೆ ಆ ಹಸಿರನ್ನು ನಂಬಿ ಹಸುಗೂಸನ್ನು ಅವಳ ಕೈಗೆ ಕೊಡಲು ನನಗೆ ಧೈರ್ಯವಿರಲಿಲ್ಲ. ನಮ್ಮ ತಂಡದ ಡಾಕ್ಟರಮ್ಮನಿಗೆ ಫೋನು ಮಾಡಿ, ಮೊದಲಿಂದ ಕೊನೆಯವರೆಗೆ, ನನ್ನ ತಪ್ಪನ್ನೂ ಸೇರಿಸಿ ಹೇಳಿದೆ. ಅವರು ಬೈಯಲಿಲ್ಲ. ರೆಕಾರ್ಡುಗಳನ್ನೆಲ್ಲ ಕಳಿಸು, ಸೋಮವಾರ ಕಾಯಬೇಡ, ನಾಳೆ ಬೆಳಿಗ್ಗೆ ಕೊಟ್ಟೂರಿಗೆ ನಾನೇ ಬರುತ್ತೇನೆ, ಎಕ್ಸ್‌ರೇ ಮಾಡಿಸೋಣ ಎಂದರು.

ಭಾನುವಾರ ಎಂಟಕ್ಕೆ ಎಕ್ಸ್‌ರೇ ಆಯಿತು. ಡಾಕ್ಟರಮ್ಮ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಅವಳ ಎದೆಗೆ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ತೂಕ, ಜ್ವರ, ಬೆವರು ಎಲ್ಲ ವಿಚಾರಿಸಿದರು. ಶ್ವಾಸಕೋಶ ಸ್ವಚ್ಛವಾಗಿದೆ, ಒಲೆಯ ಹೊಗೆಯಿಂದ ಬಂದ ಕೆಮ್ಮು ಎಂದರು. ಹನುಮವ್ವ ಕೇಳಿದ್ದು ಒಂದೇ ಪ್ರಶ್ನೆ: "ಕೂಸಿಗೆ ಎರೀಬೋದೇನ್ರಿ?" ಎರೆಯಿರಿ, ಆದರೆ ಹೊಗೆಯಿಲ್ಲದ ಕಡೆ ನೀರು ಕಾಯಿಸಿ ಎಂದರು. ತೆಲಿಗಿ ಬೀಗರಿಗೆ ಅವರೇ ಫೋನು ಮಾಡಿ ಹೇಳಿದರು. ಗಾಡಿ ಕೂಡ್ಲಿಗಿಯಿಂದ ತೆಲಿಗಿಯ ದಾರಿ ಬಿಟ್ಟು ನಮ್ಮ ಕಡೆ ತಿರುಗಿತು. ಒಂದೂವರೆಗೆ ಅಂಗಳದಲ್ಲಿ ನಿಂತಿತು.

ಬೀಗಿತ್ತಿ ಇಳಿದವಳೇ ಮಗುವನ್ನು ಹನುಮವ್ವನ ಕೈಗಿಟ್ಟು, "ಕುರಿಗೆ ಕೆಮ್ಮು ಬಂದ್ರೆ ನನ್ನ ಮೊಮ್ಮಗಳು ತಿರುಗಾಡಬೇಕೇನ್ರಿ?" ಎಂದಳು. ಹನುಮವ್ವ ಆಗಲೇ ಬಚ್ಚಲುಗಲ್ಲಿನ ಮೇಲೆ ಕಾಲು ನೀಡಿ ಕೂತಿದ್ದಳು. ನಾನು ನೀರು ಬೆರೆಸಿ ಕೊಟ್ಟೆ. ಅವಳು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದಳು. ಆಮೇಲೆ ನೀರಿನ ಮೊದಲ ಚೊಂಬು ಹಾಕಿದಳು.

ಕೆಂಚಿಯನ್ನು ಪಶುವೈದ್ಯರಿಗೆ ತೋರಿಸಿದರು. ಶ್ವಾಸಕೋಶದ ಸೋಂಕು, ಔಷಧಿಗೆ ಬಗ್ಗಿತು. ಫೋನು ತಪ್ಪು ಹೇಳಿತು ನಿಜ. ಆದರೆ ಎದೆಯಲ್ಲಿ ರೋಗವಿದ್ದ ಒಂದು ಜೀವವನ್ನು ಅದು ಗುರುತಿಸಿತ್ತು. ಕೆಮ್ಮಿದ್ದು ಮನುಷ್ಯರೇ ಎಂದು ನಾವು ಅದಕ್ಕೆ ಹೇಳಿದ್ದೆವು, ಅದು ನಂಬಿತ್ತು.

ಮೂರು ತಿಂಗಳ ಮೇಲೆ ಸಂಶೋಧನಾ ತಂಡದ ಇಬ್ಬರು ಎಂಜಿನಿಯರುಗಳು ಬಂದರು. ಆ ಕಂಪ್ಯೂಟರಿಗೆ ಕೆಮ್ಮು ಕಲಿಸಿದವರು. ಅದಕ್ಕೆ ಬಾಗಿಲ ಸದ್ದು, ನಾಯಿ ಬೊಗಳುವುದು, ಮೋಟಾರು ಎಲ್ಲವನ್ನೂ ಕೇಳಿಸಿದ್ದೆವು, ಕುರಿ ಮಾತ್ರ ನೆನಪಾಗಲಿಲ್ಲ ಎಂದರು. ಕುರಿಗಳ ಕೆಮ್ಮು ಸಂಗ್ರಹಿಸಿ ಇದು ಮನುಷ್ಯರದ್ದಲ್ಲ ಎಂದು ಕಲಿಸಬೇಕಿತ್ತು. ಅದಕ್ಕೆ ಗುರು ಗಾದಿಲಿಂಗಪ್ಪ. ಅವನನ್ನು ಪರೀಕ್ಷಿಸಲು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ಒಂದೊಂದೇ ರೆಕಾರ್ಡು ಹಚ್ಚಿದರು. ಅವನು ನೂಲು ಬಿಡದೆ, ಇದು ಕರಿ ಕುರಿಯ ಮರಿ, ಇದು ಕಿವಿ ಹರಿದದ್ದು, ಇದು ನಮ್ಮ ಹಿಂಡಿನದಲ್ಲ ಎಂದು ಹೇಳುತ್ತಾ ಹೋದ. ಅವರು ಬರೆದುಕೊಂಡರು.

ಆಚೆ ಬಚ್ಚಲುಗಲ್ಲಿನ ಮೇಲೆ ಹನುಮವ್ವ ಮೊಮ್ಮಗಳಿಗೆ ಎರೆಯುತ್ತಿದ್ದಳು. ನಡುವೆ ಒಂದು ಕೆಮ್ಮು ಕೇಳಿತು. ನಾನು ತಟ್ಟನೆ ಎದ್ದೆ. ಎಂಜಿನಿಯರು ಪೆನ್ನು ಹಿಡಿದು, ಇದು ಯಾವುದು ಎಂದು ಕೇಳಿದ.

ಗಾದಿಲಿಂಗಪ್ಪ ಹಿಂತಿರುಗಿ ನೋಡಲೂ ಇಲ್ಲ.

"ಅದು ನಮ್ಮ ಕೂಸಿಂದು. ಬಾಯಾಗ ನೀರು ಹೋಗೇತಿ, ಅಷ್ಟ. ಲೇ, ತಲಿ ಒಂದೀಟು ಎತ್ತಿ ಹಿಡಿಯೇ."

ಹನುಮವ್ವ ಎತ್ತಿ ಹಿಡಿದಳು. ಕೆಮ್ಮು ನಿಂತಿತು. ಮಗು ಕಣ್ಣು ಪಿಳಿಪಿಳಿ ಬಿಟ್ಟು ನಮ್ಮನ್ನೆಲ್ಲ ನೋಡಿತು.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಈಗ ಕುರಿ ಕೆಮ್ಮಿದರೆ ಫೋನು ಎಣಿಸುವುದಿಲ್ಲ. ಆದರೂ ನಾನು ಕೆಮ್ಮಿ ಎಂದು ಹೇಳಿದ ಮೇಲೆ ಪರದೆ ನೋಡುವುದಿಲ್ಲ. ಎದುರಿನವರ ಮುಖ ನೋಡುತ್ತೇನೆ. ಹೆಂಗಸರು ನಾಚಿ ಸೆರಗು ಬಾಯಿಗೆ ತಂದರೆ, ನಾನೇ ಮೊದಲು ಬಾಯಿ ತೆರೆದು ಗಟ್ಟಿಯಾಗಿ ಒಮ್ಮೆ ಕೆಮ್ಮಿ ತೋರಿಸುತ್ತೇನೆ. ಅವರು ನಗುತ್ತಾರೆ. ನಕ್ಕ ಮೇಲೆ ಕೆಮ್ಮು ಚೆನ್ನಾಗಿ ಬರುತ್ತದೆ.