ಹೋಟೆಲ್ ಎಂಬ ಮಾತು ಮತ್ತು ಹೇಮಲತಾ ಅವರ ಗುರುವಾರಗಳು

ಮೆಲ್ಬರ್ನಿನ ಆಗ್ನೇಯ ಅಂಚಿನ ಹಳೆಯ ಪಬ್‌ಗಳ ಚರಿತ್ರೆಯ ಮಾತು ಬಂದಾಗಲೆಲ್ಲ, ಜನ್ಮದಲ್ಲಿ ಒಂದು ತೊಟ್ಟು ಮದ್ಯವನ್ನೂ ನಾಲಿಗೆಗೆ ತಾಗಿಸದ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರ ಹೆಸರನ್ನೇ ಮೊದಲು ಹೇಳಬೇಕಾಗುತ್ತದೆ. ಡ್ಯಾಂಡಿನಾಂಗಿನ ಗ್ರಂಥಾಲಯವೊಂದರಲ್ಲಿ ಇಪ್ಪತ್ನಾಲ್ಕು ವರ್ಷ ದುಡಿದು, ಜೊತೆಜೊತೆಗೇ ಕ್ರಾನ್‌ಬರ್ನ್ ಆಚೆಯ ಹ್ಯಾರೋಸ್ ಕ್ರೀಕ್ ಎಂಬ ಹಳ್ಳಿಯ ಇತಿಹಾಸ ಬಳಗದ ಕಾರ್ಯದರ್ಶಿಯಾಗಿಯೂ ಸೇವೆ ಸಲ್ಲಿಸಿ, ಈ ವರ್ಷ ಎರಡರಿಂದಲೂ ನಿವೃತ್ತರಾಗುತ್ತಿರುವ ಶ್ರೀಮತಿ ಹೇಮಲತಾ ವಿರುಪಾಕ್ಷ ಅವರೇ ಆ ಹೆಣ್ಣುಮಗಳು. ಸಿಡ್ನಿಯ ಕೆಲ್ಲಿವಿಲ್‌ನ ಗೆಳೆಯರು ಅವರ ಗೌರವಾರ್ಥ ಹೊರತರುತ್ತಿರುವ ಈ ಸಂಪುಟದಲ್ಲಿ ಅವರ ಸಾಧನೆಯನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ಇಲ್ಲಿ ಅವರ ಗಲಿಬಿಲಿಯೊಂದನ್ನು ಹೇಳುವುದೇ ಉಚಿತ.

ಗಲಿಬಿಲಿಗೆಲ್ಲ ಕಾರಣ ಒಂದೇ ಪದ. ನಮ್ಮಲ್ಲಿ ಹೋಟೆಲ್ ಎಂದರೆ ಇಡ್ಲಿ, ಚಹಾ, ಮಿರ್ಚಿ ಭಜಿ. ಇಲ್ಲಿನ ಹಳೆಯ ಪಬ್‌ಗಳ ಬೋರ್ಡಿನ ಮೇಲಿರುವುದೂ ಹೋಟೆಲ್ ಎಂದೇ. 1996ರಲ್ಲಿ ಬಂದ ಹೊಸತರಲ್ಲಿ ಹೇಮಲತಾ ಅವರು ಹ್ಯಾರೋಸ್ ಕ್ರೀಕಿನಲ್ಲಿ ಅಂಥ ಬೋರ್ಡೊಂದನ್ನು ನಂಬಿ ಒಳಹೊಕ್ಕು ಚಹಾ ಕೇಳಿದ್ದರು. ಬಿಯರ್ ತುಂಬಿಸುತ್ತಿದ್ದ ಮಾಲೀಕಳು ನಗದೆ, ತನ್ನ ಅಡುಗೆಮನೆಯಿಂದ ಚಹಾ ಮಾಡಿ ತಂದುಕೊಟ್ಟು, ಆ ಕಟ್ಟಡದ ಕಥೆಯನ್ನೂ ಹೇಳಿದ್ದಳು. ಕಥೆಯ ರುಚಿ ಹತ್ತಿತು. 2004ರಲ್ಲಿ ಇತಿಹಾಸ ಬಳಗ ಸೇರಿದವರು, ಪ್ರತಿ ಗುರುವಾರ ಅಲ್ಲಿಗೆ ಹೋಗಿ, ಕಣ್ಣು ಮಂದವಾದ ಹಿರಿಯ ಸದಸ್ಯರಿಗೆ ಹಳೆಯ ಪತ್ರಿಕೆಗಳನ್ನು ಓದಿ ಹೇಳಿದರು. ಮುದುಕರ ನೆನಪುಗಳನ್ನು ರೆಕಾರ್ಡ್ ಮಾಡಿ, ಅವರು ತೀರಿಕೊಂಡ ಮೇಲೆ ಆ ದನಿಯನ್ನು ಮಕ್ಕಳ ಮನೆಗೆ ತಾವೇ ಹೋಗಿ ಮುಟ್ಟಿಸಿದರು.

ಮನೆಯಲ್ಲಿ ಅತ್ತೆ ಶಿವಲಿಂಗವ್ವನವರು. ಸೆರೆಯ, ಅಂದರೆ ಹೆಂಡದ, ಹೆಸರೆತ್ತಿದರೆ ಉಣ್ಣುವ ತಟ್ಟೆ ಸರಿಸಿ ಏಳುವವರು. ಗುರುವಾರ ಗುರುವಾರ ಎಲ್ಲಿಗೆ ಎಂದು ಅವರು ಕೇಳಿದರೆ ಸೊಸೆ, "ಹಳೇ ಹೋಟೆಲ್ ನೋಡಾಕ ಹೊಂಟೇನ್ರಿ ಅತ್ತಿ" ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಆ ಮಾತು ಅತ್ತೆಯ ಕಿವಿಗೆ ಹೇಗೆ ಕೇಳಿಸುತ್ತದೆಂದು ಸೊಸೆಗೆ ಗೊತ್ತಿರಲಿಲ್ಲ ಎಂದರೆ ಅದು ಸುಳ್ಳು.

ಕಳೆದ ವರ್ಷ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಹೇಮಲತಾ ಅವರು ಆ ಹಳ್ಳಿಯ ಹೋಟೆಲ್ ಬಗ್ಗೆ ಬರೆದರು, ಪಬ್ ಎಂಬ ಮಾತನ್ನು ಎಲ್ಲೂ ಬಳಸದೆ. ಅದನ್ನೋದಿದ, ಕೆಲ್ಲಿವಿಲ್‌ನ ಗೆಳೆಯರಲ್ಲೊಬ್ಬರಾದ ಸಂಧ್ಯಾರಾಣಿ ಮೆಲ್ಬರ್ನಿಗೆ ಬಂದಾಗ, ಅಜ್ಜಿಗೆ ಒಳ್ಳೆಯ ತಿಂಡಿ ಕೊಡಿಸೋಣವೆಂದು ಶಿವಲಿಂಗವ್ವನವರನ್ನು ಕಾರಿನಲ್ಲಿ ಅಲ್ಲಿಗೇ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಗ್ರಂಥಾಲಯಕ್ಕೆ ಫೋನು ಬಂತು.

"ಆಂಟಿ, ನಾನು ಫುಲ್ ಕನ್‌ಫ್ಯೂಸ್ ಆಗಿದೀನಿ. ನೀವು ಬರೆದಿರೋ ಹೋಟೆಲ್‌ಗೇ ಬಂದಿದೀವಿ, ಇಲ್ಲಿ ನೋಡಿದ್ರೆ ಎಲ್ಲಾ ಬಿಯರ್! ಅಜ್ಜಿ ಕಾರಿಂದ ಇಳೀತಾನೇ ಇಲ್ಲ."

ಸಂಜೆ ಅತ್ತೆ ಆಡಿದ್ದು ಒಂದೇ ಮಾತು. "ಇಪ್ಪತ್ತ ವರ್ಷ ಹೋಟೆಲ್ ಹೋಟೆಲ್ ಅಂದಿ. ಸೆರೆ ಅಂಗಡಿ ಅಂತ ಒಮ್ಮೆರ ಹೇಳಿದೇನು?" ಆಮೇಲೆ ಸೊಸೆಯೊಡನೆ ಮಾತು ಬಿಟ್ಟರು. ಈಚಲ ಮರದಡಿ ಕೂತು ಮಜ್ಜಿಗೆ ಕುಡಿದವರ ಪಾಡು ಹೇಮಲತಾ ಅವರದಾಯಿತು. ಎರಡು ವಾರ ಬಳಗದ ಕಡೆ ತಲೆ ಹಾಕಲಿಲ್ಲ. ತಾವು ಮಾಡಿದ್ದು ತಪ್ಪೋ, ಅತ್ತೆ ತಿಳಿದದ್ದು ತಪ್ಪೋ, ಅಥವಾ ಆ ಹಾಳು ಬೋರ್ಡಿನದೇ ತಪ್ಪೋ, ಅವರಿಗೆ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು: ಅದೇ ಪಬ್ಬಿನಲ್ಲಿ ಹುಟ್ಟಿ ಬೆಳೆದ ತೊಂಬತ್ತೊಂದರ ಐಲೀನ್, ಮುಂದಿನ ವಾರ ಸಿಡ್ನಿಯ ಮಗನ ಮನೆಗೆ ಹೋಗಿಬಿಡುತ್ತಾರೆ. ಅಲ್ಲಿನ ಹಳೆಯ ದಿನಗಳನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. ಗುರುವಾರ ಬೆಳಿಗ್ಗೆ ಹೇಮಲತಾ ಅವರು ಅತ್ತೆಯ ಮುಂದೆ ನಿಂತರು. "ಅತ್ತಿ, ಅದು ಕುಡಿಯೂ ಜಾಗಾನ. ನಾ ಮುಚ್ಚಿಟ್ಟಿದ್ದು ತಪ್ಪಾತ್ರಿ. ನೀವೂ ಬಂದು ನೋಡ್ರಿ. ಬ್ಯಾಡಂದ್ರ ಇವತ್ತಿಗೆ ಬಿಡ್ತೇನಿ." ಶಿವಲಿಂಗವ್ವನವರು ಎದ್ದರು. ಸೆರಗು ಸರಿಪಡಿಸಿಕೊಂಡು ಹೋಗಿ ಕಾರಿನಲ್ಲಿ ಕೂತರು.

ಪಬ್ಬಿನಲ್ಲಿ, ಹಿಂದೆ ಹೆಂಗಸರಿಗೆಂದೇ ಮೀಸಲಾಗಿದ್ದ ಪಕ್ಕದ ಕೋಣೆಯಲ್ಲಿ ಐಲೀನ್ ತಮ್ಮ ತಾಯಿಯ ಕಥೆ ಹೇಳಿದರು: ದಿನಕ್ಕೆ ನಲವತ್ತು ಜನಕ್ಕೆ ಅಡುಗೆ ಮಾಡಿದವಳು, ಬಾರಿನೊಳಗೆ ಎಂದೂ ಕಾಲಿಡದವಳು. ಹೇಮಲತಾ ಅವರು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅತ್ತೆ ತಟ್ಟನೆ ಬಾಯಿಬಿಟ್ಟರು.

"ಆಕಿ ಗಂಡ ಕುಡದು ಬಂದು ಹೊಡೀತಿದ್ದನೇನು, ಕೇಳು."

ಬಳಗದ ಪ್ರಶ್ನಾವಳಿಯಲ್ಲಿ ಬಿಯರಿನ ಬೆಲೆ ಇತ್ತು, ಕುದುರೆ ಕಟ್ಟುವ ಜಾಗವಿತ್ತು. ಈ ಪ್ರಶ್ನೆ ಇರಲಿಲ್ಲ. ಕೇಳಬಹುದೋ ಬಾರದೋ ತಿಳಿಯದೆ ತಡವರಿಸಿ, ಕೊನೆಗೆ ಹೇಮಲತಾ ಅವರು ಕೇಳಿದರು. ಐಲೀನ್ ಮೇಜಿನ ಮೇಲಿನ ಕಪ್ಪನ್ನು ಬದಿಗೆ ಸರಿಸಿದರು. ಶನಿವಾರಗಳಲ್ಲಿ, ಎಂದರು. ಅದನ್ನು ಕನ್ನಡದಲ್ಲಿ ಕೇಳಿದ ಶಿವಲಿಂಗವ್ವನವರು ಆಕೆಯ ಕೈ ಹಿಡಿದುಕೊಂಡರು.

"ನಮ್ಮಪ್ಪಂದು ದಿನಾ ಇತ್ತು ಅಂತ ಹೇಳು."

ವಾಪಸು ಬರುವಾಗ ಕಾರು ಓಡಿಸುತ್ತಲೇ ಸೊಸೆ ಕೇಳಿದರು. "ಇಷ್ಟ ವರ್ಷ ಯಾಕ ಹೇಳಲಿಲ್ರಿ ಅತ್ತಿ?"

"ಊರಮಂದಿನ್ನೆಲ್ಲಾ ಕೇಳಕೋತ ಅಡ್ಡ್ಯಾಡಿದಿ. ನನ್ನ ಯಾವಾಗ ಕೇಳಿದ್ದಿ?"

ಹೇಮಲತಾ ಅವರು ತಮ್ಮ ಮನೆಯ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟರಂತೆ.

ಅಂದು ಅತ್ತೆ ಐಲೀನರಿಗೆ ಕೇಳಿಸಿದ ಪ್ರಶ್ನೆ ಈಗ ಬಳಗದ ಪ್ರಶ್ನಾವಳಿಯಲ್ಲಿದೆ. ಶಿವಲಿಂಗವ್ವನವರಿಗೆ ತೊಂಬತ್ನಾಲ್ಕು. ನಿವೃತ್ತಿಯ ನಂತರದ ಗುರುವಾರಗಳಲ್ಲಿ ಹೇಮಲತಾ ಅವರು ಮನೆಯಲ್ಲೇ, ಅತ್ತೆಯ ಎದುರು ರೆಕಾರ್ಡರ್ ಇಟ್ಟು ಕೂರುವವರಿದ್ದಾರೆ. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವಷ್ಟು ಆಯುಷ್ಯ ಅತ್ತೆಗೂ, ಅದನ್ನೆಲ್ಲ ಕೇಳಿ ಬರೆದಿಡುವಷ್ಟು ಆಯುಷ್ಯ, ಆರೋಗ್ಯ, ಎದೆಗಾರಿಕೆ ಸೊಸೆಗೂ ಇರಲಿ.